ಮಾಡೆಲ್ ‘ಗೊತ್ತಿಲ್ಲ’ ಎಂದು ಹೇಳಿದರೆ ಸಾಕಾ?

ಟರ್ಬೈನ್‌ಪ್ರಿಯ: ಟರ್ಬೈನ್, ಪಂಪು, ಗಾಡಿಗಳ ನಿಯಂತ್ರಣಕ್ಕೆ ಮಷಿನ್ ಲರ್ನಿಂಗ್ ಬೇಡವೇ ಬೇಡ ಎನ್ನುವವರಿಗೆ ನನ್ನ ಉತ್ತರ ಇದು. ಐದು ಮಾಡೆಲ್‌ಗಳಿಗೆ, ಅಂದರೆ ಡೇಟಾ ನೋಡಿ ಕಲಿಯುವ ಪ್ರೋಗ್ರಾಂಗಳಿಗೆ, ಬೇರೆ ಬೇರೆಯಾಗಿ ಕಲಿಸಿ. ಉತ್ತರಗಳು ತಾಳೆಯಾಗದಿದ್ದರೆ ಅದನ್ನೇ ‘ಗೊತ್ತಿಲ್ಲ’ ಎಂದುಕೊಂಡು ಯಂತ್ರ ನಿಲ್ಲಿಸಿ. ಇದರಲ್ಲಿ ಹೆದರುವಂಥದ್ದೇನಿದೆ?

ವಾಲ್ವ್: ಐದೂ ಕಲಿತಿದ್ದು ಒಂದೇ ಡೇಟಾದಿಂದ ಅಲ್ವಾ? ಸೆನ್ಸರ್ ದಿನೇ ದಿನೇ ಸ್ವಲ್ಪ ಸ್ವಲ್ಪವೇ ತಪ್ಪು ತೋರಿಸತೊಡಗಿದರೆ ಐದೂ ಒಟ್ಟಿಗೇ ದಾರಿ ತಪ್ಪುತ್ತವೆ. ತಾಳೆ ಮಾತ್ರ ಚೆನ್ನಾಗಿಯೇ ಆಗುತ್ತದೆ.

ಟರ್ಬೈನ್‌ಪ್ರಿಯ: ಹಾಗಾದರೆ ಜಾಸ್ತಿ ಟೆಸ್ಟ್ ಮಾಡೋಣ.

ಲೆಕ್ಕಿಗ: ಎಷ್ಟು ಜಾಸ್ತಿ? 10 ಲಕ್ಷ ಗಂಟೆಗೆ ಒಂದಕ್ಕಿಂತ ಕಡಿಮೆ ಸಲ ಕೈಕೊಡುತ್ತದೆ ಎಂದು 95% ಖಾತ್ರಿಯಿಂದ ಹೇಳಬೇಕಾದರೆ, ಒಮ್ಮೆಯೂ ಕೈಕೊಡದೆ ಸುಮಾರು 30 ಲಕ್ಷ ಗಂಟೆ ಓಡಬೇಕು. ಒಂದೇ ಯಂತ್ರವಾದರೆ 340 ವರ್ಷ ದಾಟುತ್ತದೆ! ನಡುವೆ ಮಾಡೆಲ್‌ಗೆ ಮತ್ತೆ ಕಲಿಸಿದರೆ ಎಣಿಕೆ ಮೊದಲಿನಿಂದ.

ವಾಲ್ವ್: ಮಾಡೆಲ್‌ಗೆ ಅನುಮಾನ ಇದ್ದರೂ ಅದು ಬ್ರೇಕ್‌ವರೆಗೆ ತಲುಪಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿಯಲ್ಲಿ ಊಬರ್‌ನ ಪ್ರಯೋಗದ ಸ್ವಯಂಚಾಲಿತ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು. ಅವರು ತೀರಿಕೊಂಡರು. ತನಿಖೆಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ವ್ಯವಸ್ಥೆ ಅವರನ್ನು ಗುರುತಿಸಿತ್ತು. ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಆಮೇಲೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಅವರು ಅಲ್ಲಿಯವರೆಗೆ ಚಲಿಸಿದ ದಾರಿಯನ್ನು ಲೆಕ್ಕದಿಂದ ಬಿಟ್ಟುಬಿಟ್ಟಿತು. ಹೀಗೆ ಹೆಸರು ಬದಲಾಗುತ್ತಿರುವುದೇ ಅಪಾಯದ ಸೂಚನೆ ಆಗಬೇಕಿತ್ತು. ಅದನ್ನು ಕೇಳಿಸಿಕೊಳ್ಳುವ ಭಾಗವನ್ನೇ ಯಾರೂ ಕಟ್ಟಿರಲಿಲ್ಲ.

ಹೊಸಬ: ಸರ್, ಹಾಗಾದರೆ ಬಳಸುವುದು ಹೇಗೆ?

ವಾಲ್ವ್: ಮಾಡೆಲ್ ಪಕ್ಕದಲ್ಲಿ ಸರಳವಾದ, ಗಣಿತದಿಂದ ಪರೀಕ್ಷಿಸಬಹುದಾದ ಕಂಟ್ರೋಲರ್ (ಯಂತ್ರ ನಡೆಸುವ ವ್ಯವಸ್ಥೆ) ಇಡಿ. ಮಧ್ಯೆ ಒಂದು ಕಾವಲು. ಉದಾಹರಣೆಗೆ, ಯಂತ್ರದೊಳಗಿನ ಒತ್ತಡ ಸುರಕ್ಷಿತ ಗಡಿಯ ಹತ್ತಿರ ಬಂದರೆ ಕಾವಲು ಮಾಡೆಲ್ ಕೈಯಿಂದ ಅಧಿಕಾರ ಕಿತ್ತುಕೊಂಡು ಕಂಟ್ರೋಲರ್‌ಗೆ ಕೊಡುತ್ತದೆ. ವಾಲ್ವ್ ಮುಚ್ಚಲು 4 ಸೆಕೆಂಡ್ ಬೇಕಿದ್ದರೆ, ಗಡಿ ದಾಟಲು ಕೊನೇಪಕ್ಷ ಅಷ್ಟು ಸಮಯ ಉಳಿದಿರುವಾಗಲೇ ಕಿತ್ತುಕೊಳ್ಳಬೇಕು.

ಟರ್ಬೈನ್‌ಪ್ರಿಯ: ಗಡಿಯನ್ನು ಅಷ್ಟು ಒಳಗೆ ಎಳೆದರೆ ಮಾಡೆಲ್‌ನಿಂದ ಸಿಗುವ ಲಾಭವೇ ಹೋಗುತ್ತದೆ. ಹಾರುತ್ತಿರುವ ವಿಮಾನವನ್ನು ಸುಮ್ನೆ ನಿಲ್ಲಿಸಲೂ ಆಗದು.

ಲೆಕ್ಕಿಗ: ವಿಮಾನದ ಮಾತು ಒಪ್ಪುತ್ತೇನೆ. ಅಲ್ಲಿ ಸರಳ ಕಂಟ್ರೋಲರ್ ಮಾಡೆಲನ್ನು ನಿಲ್ಲಿಸಿದರೆ ಸಾಲದು, ವಿಮಾನವನ್ನು ಹಾರಿಸಿ ಇಳಿಸಲೂ ಬೇಕು. ಆದರೆ ಲಾಭಕ್ಕಾಗಿ ಗಡಿ ಸಡಿಲಿಸುವ ಮಾತು ಬೇಡ. ಮೊದಲು ಕಾವಲಿಗೆ ಬೇರೆಯದೇ ಸೆನ್ಸರ್ ಕೊಡಿ. ಮಾಡೆಲ್ ನೋಡುವ ಸೆನ್ಸರನ್ನೇ ಕಾವಲೂ ನೋಡುತ್ತಿದ್ದರೆ ಎರಡೂ ಒಟ್ಟಿಗೇ ಕುರುಡಾಗುತ್ತವೆ.