ಚಿಕ್ಕಪ್ಪ, ಆ ಹುಡುಗಿ ಯಾಕೆ ಕೇಳುವುದಿಲ್ಲ ಅಂದರೆ...

ಚಿಕ್ಕಪ್ಪ, ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ ಅಂತ ವಾಯ್ಸ್ ಕಳಿಸುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತಾದಾಗ ಕೇಳಿ. ಪುಟ್ಟಿ ನಮ್ಮ ಮನೆ ಗ್ರೂಪಿನಲ್ಲಿ ಬರೆದಿದ್ದಳಲ್ಲ, ಅವಳ ರೂಮ್‌ಮೇಟ್ ಮಾರ್ಕ್ಸ್ ಕಡಿಮೆ ಬಂದರೂ ಮೇಷ್ಟ್ರ ಹತ್ತಿರ ಹೋಗುವುದಿಲ್ಲ, ಯಾರನ್ನೂ ಏನೂ ಕೇಳುವುದಿಲ್ಲ ಅಂತ. ಅದಕ್ಕೆ ನೀವು, ಆಸಕ್ತಿ ಇಲ್ಲದವರಿಗೆ ಏನು ಹೇಳೋದು, ನಾವೆಲ್ಲ ಕಷ್ಟಪಟ್ಟು ಓದಲಿಲ್ವಾ ಅಂದಿರಿ.

ಓದಿದಿರಿ, ನಿಜ. ಅದನ್ನು ಯಾರೂ ಇಲ್ಲ ಅನ್ನುತ್ತಿಲ್ಲ. ಆದರೆ ಆ ಹುಡುಗಿಯ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ನಾನು ಕಾಲೇಜಿಗೆ ಸೇರಿದಾಗ ಅಪ್ಪ ಸಿಲಬಸ್ ನೋಡಿ, ಈ ವಿಷಯ ಬೇಡ, ಬದಲಾಯಿಸಿಕೊಳ್ಳೋಕೆ ಇನ್ನೂ ಟೈಮ್ ಇದೆ ಅಂದರು. ಮೇಷ್ಟ್ರಿಗೆ ಈಮೇಲ್ ಹೇಗೆ ಬರೆಯಬೇಕು ಅಂತ ಅಕ್ಕ ತೋರಿಸಿಕೊಟ್ಟಳು. ಇದನ್ನೆಲ್ಲ ನಾವು ಸಹಾಯ ಅಂತ ಲೆಕ್ಕಕ್ಕೇ ಹಿಡಿಯಲಿಲ್ಲ, ಊಟಕ್ಕೆ ಕೂತಾಗ ಆಡಿದ ಮಾತು ಅಷ್ಟೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೂರ್ದಿಯು ಇದನ್ನು ಒಂದು ಬಗೆಯ ಬಂಡವಾಳ ಅಂತಲೇ ಕರೆದರು. ಆಸ್ತಿಯ ಹಾಗೆ ಮನೆಯಿಂದ ಇಳಿದು ಬರುತ್ತದೆ, ಆದರೆ ನೋಡುವವರಿಗೆ ಸ್ವಂತ ಜಾಣತನದ ಹಾಗೆ ಕಾಣುತ್ತದೆ.

ಅವಳು ಕೇಳುವುದಿಲ್ಲ ಅನ್ನುತ್ತೀರಿ. ಕೇಳಬಹುದು ಅಂತಲೇ ಗೊತ್ತಿಲ್ಲದಿದ್ದರೆ? ಕೇಳಿದರೆ, ಇವಳಿಗೆ ಇಷ್ಟೂ ಗೊತ್ತಿಲ್ಲ ಅಂತ ಬಯಲಾಗುತ್ತದೆ ಅನ್ನುವ ಭಯ ಬೇರೆ. 2014ರಲ್ಲಿ ಅಮೆರಿಕದಲ್ಲಿ ನಿಕೋಲ್ ಸ್ಟೀಫನ್ಸ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜಿಗೆ ಹೊಸದಾಗಿ ಬಂದವರ ಮುಂದೆ ಸೀನಿಯರ್‌ಗಳು ತಮ್ಮ ಕಥೆ ಹೇಳಿದರು. ಒಂದು ಗುಂಪಿಗೆ ಬರೀ ಸಲಹೆ. ಇನ್ನೊಂದು ಗುಂಪಿಗೆ, ನಮ್ಮ ಮನೆ ಹೀಗಿತ್ತು, ಅದರಿಂದ ಇಲ್ಲಿ ಇಂಥ ತೊಡಕಾಯಿತು, ಆಮೇಲೆ ಹೀಗೆ ದಾರಿ ಹುಡುಕಿಕೊಂಡೆ ಅಂತ ಬಿಚ್ಚಿ ಹೇಳಿದರು. ಈ ಎರಡನೇ ಗುಂಪಿನಲ್ಲಿದ್ದ, ಮನೆಯಲ್ಲಿ ತಾವೇ ಮೊದಲು ಕಾಲೇಜಿಗೆ ಬಂದ ಮಕ್ಕಳು ಮೇಷ್ಟ್ರ ಹತ್ತಿರ ಹೋಗಿ ಕೇಳುವುದು ಜಾಸ್ತಿಯಾಯಿತು. ಓದಿದವರ ಮನೆಯ ಮಕ್ಕಳಿಗೂ ಅವರಿಗೂ ಇದ್ದ ಮಾರ್ಕ್ಸಿನ ಅಂತರವೂ ಕಡಿಮೆಯಾಯಿತು. ಆಸಕ್ತಿ ಮೊದಲೂ ಇತ್ತು, ಅಲ್ವಾ?

ಪುಟ್ಟಿ, ಈಗ ನಿನಗೆ. ಪಾಪ ಅನ್ನಬೇಡ ಮಾರಾಯ್ತಿ. ಅಡ್ಮಿಷನ್, ಸ್ಕಾಲರ್‌ಶಿಪ್, ಹಾಸ್ಟೆಲ್, ಎಲ್ಲ ಫಾರ್ಮನ್ನೂ ಒಬ್ಬಳೇ ತುಂಬಿದವಳು ಅವಳು. ನಿನ್ನದನ್ನು ತುಂಬಿದ್ದು ನಿಮ್ಮಪ್ಪ! ಮನೆಗೆ ಫೋನ್ ಮಾಡಿದಾಗಲೂ ಅವಳು ಚೆನ್ನಾಗಿದ್ದೇನೆ ಅಂತಷ್ಟೇ ಹೇಳಬೇಕು. ಒಂದು ಪೇಪರ್ ಹೋಯಿತು ಅಂದರೆ ಅಲ್ಲಿ ಕಾಲೇಜೇ ಹೋಯಿತು ಅಂತ ಗಾಬರಿ. "ಏನಾದರೂ ಬೇಕಾದರೆ ಕೇಳು" ಅಂತ ಸುಮ್ನೆ ಹೇಳಿ ಕೈತೊಳೆದುಕೊಳ್ಳಬೇಡ. ನೀನು ಮೇಷ್ಟ್ರ ಹತ್ತಿರ ಹೋಗುವಾಗ ಜೊತೆಗೆ ಕರೆ. ನಿನಗೆ ಗೊತ್ತಾದ ಕೊನೆ ದಿನಾಂಕಗಳನ್ನು ಅವಳು ಕೇಳುವ ಮೊದಲೇ ಹೇಳು. ನಾಲ್ಕು ಜನರ ಮುಂದೆ ಮಾತ್ರ ಬೇಡ.

ಚಿಕ್ಕಪ್ಪ, ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕೋದು ಹೇಗೆ ಅಂತ ಪುಟ್ಟಿಗೆ ಒಂದು ವಾಯ್ಸ್ ಕಳಿಸಿದ್ದಿರಲ್ಲ, ಅದನ್ನು ಅವಳಿಗೂ ಫಾರ್ವರ್ಡ್ ಮಾಡಬಹುದಾ? ಹೂಂ ಅಂದರೆ ಪುಟ್ಟಿ ಇವತ್ತೇ ಕಳಿಸುತ್ತಾಳೆ.