ತಾಳಮದ್ದಳೆಯ ಧ್ವನಿಮುದ್ರಣಗಳಿಗೆ ಮನೆಯಲ್ಲೇ ಸ್ಟೋರೇಜ್ ಸರ್ವರ್: ಎರಡು ಡಿಸ್ಕ್ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯ ಸಮೀಪದ ಒಂದು ಹಳ್ಳಿ. ನಮ್ಮ ತಂದೆಯವರು ಸುಮಾರು ಮೂವತ್ತು ವರ್ಷ ಸುತ್ತಲಿನ ಊರುಗಳಲ್ಲಿ ನಡೆದ ತಾಳಮದ್ದಳೆಗಳನ್ನು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. 90 ನಿಮಿಷದ ಅಂಥ 400 ಕ್ಯಾಸೆಟ್‌ಗಳನ್ನು ನಾನು ವೇವ್ ಕಡತಗಳಾಗಿ ಪರಿವರ್ತಿಸಿದ್ದೇನೆ. ಅವೇ ಸುಮಾರು 380 ಜಿಬಿ ಆಗಿವೆ. ಮನೆಯ ಫೋಟೋ, ವಿಡಿಯೋಗಳೂ ಸೇರಿದರೆ ಒಟ್ಟು 1.5 ಟಿಬಿ. ಎಲ್ಲವೂ ಈಗ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿದೆ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿರುವುದರಿಂದ ಹಲವನ್ನು ಮತ್ತೊಮ್ಮೆ ಓಡಿಸುವುದು ಸಾಧ್ಯವಿಲ್ಲ.

8 ಜಿಬಿ ರ‍್ಯಾಮ್ ಇರುವ ಹಳೆಯ ಐ5 ಡೆಸ್ಕ್‌ಟಾಪ್‌ಗೆ 4 ಟಿಬಿಯ ಎರಡು ಡಿಸ್ಕ್‌ಗಳನ್ನು ರೇಡ್ 1 ಆಗಿ (ಎರಡರಲ್ಲೂ ಒಂದೇ ದತ್ತಾಂಶ ಇರುವಂತೆ) ಜೋಡಿಸಿ, ಮನೆಯ ಮೂರು ಲ್ಯಾಪ್‌ಟಾಪ್‌ಗಳಿಗೂ ಸಿಗುವಂತೆ ಮಾಡಬೇಕೆಂದಿದ್ದೇನೆ. ಬ್ಯಾಕಪ್ ಎಂದು ಇಷ್ಟನ್ನೇ ನಂಬಬಹುದೇ? ಯಾವ ತಂತ್ರಾಂಶ ಹಾಕಿಕೊಳ್ಳಬೇಕು? ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ದಿನಕ್ಕೆ ಹಲವು ಬಾರಿ ಹೋಗುತ್ತದೆ. ಪುಣೆಯಲ್ಲಿರುವ ಅಕ್ಕನಿಗೂ ಇವನ್ನು ಕೇಳುವ ಆಸೆಯಿದೆ.

ಮೊದಲ ಉತ್ತರ

ಸರ್ವರ್ ವಿಚಾರ ನಾಳೆಗಿರಲಿ. ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು ಇಂದೇ ಒಂದು ಪ್ರತಿ ಮಾಡಿ ಎಂದು ದಯವಿಟ್ಟು ಕೇಳಿಕೊಳ್ಳುತ್ತೇನೆ. ಮತ್ತೆ ಓಡಿಸಲಾಗದ ಕ್ಯಾಸೆಟ್‌ಗಳ ಏಕೈಕ ಪ್ರತಿ ಒಂದೇ ಡಿಸ್ಕ್‌ನಲ್ಲಿದೆ ಎಂಬ ಮಾತು ಓದಿ ಆತಂಕವಾಯಿತು.

ರೇಡ್ 1 ಬ್ಯಾಕಪ್ ಅಲ್ಲ. ಎರಡರಲ್ಲಿ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೇ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಅದೇ ಕ್ಷಣದಲ್ಲಿ ಎರಡೂ ಡಿಸ್ಕ್‌ಗಳಿಂದ ಅಳಿಯುತ್ತದೆ. ಯಾವುದಾದರೂ ಲ್ಯಾಪ್‌ಟಾಪ್‌ಗೆ ರ‍್ಯಾನ್ಸಮ್‌ವೇರ್ ಎಂಬ, ಹಣಕ್ಕಾಗಿ ಕಡತಗಳನ್ನು ಒತ್ತೆಯಿಡುವ ಕುತಂತ್ರಾಂಶ ತಗಲಿ ಹಂಚಿಕೆಯ ಫೋಲ್ಡರ್‌ನಲ್ಲಿರುವ ಕಡತಗಳನ್ನು ಗೂಢಲಿಪಿಗೆ ತಿರುಗಿಸಿದರೆ ಎರಡರಲ್ಲೂ ಹಾಳಾದ ಪ್ರತಿಯೇ ಉಳಿಯುತ್ತದೆ. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯಲ್ಲಿರುವ ಎರಡೂ ಡಿಸ್ಕ್‌ಗಳು ಒಟ್ಟಿಗೇ ಹೋಗಬಹುದು. ಆದ್ದರಿಂದ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಅವುಗಳಲ್ಲಿ ಒಂದು ಪ್ರತಿ ಮನೆಯಿಂದ ಹೊರಗೆ ಎಂಬ 3-2-1 ಕ್ರಮವನ್ನು ಹಿಡಿಯಿರಿ. ಇಂದು ತರುವ ಎಕ್ಸ್‌ಟರ್ನಲ್ ಡಿಸ್ಕ್ ಅನ್ನು ಪೇಟೆಯಲ್ಲಿರುವ ಬಂಧುಗಳ ಮನೆಯಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ತಂದು ಹೊಸ ಕಡತಗಳನ್ನು ಸೇರಿಸಿಕೊಂಡರೆ ಸಾಕು.

ತಂತ್ರಾಂಶದ ಮಟ್ಟಿಗೆ ನನ್ನ ಆಯ್ಕೆ ಟ್ರೂನ್ಯಾಸ್ ಎಂಬ ಸ್ಟೋರೇಜ್ ಸರ್ವರ್ ಕಾರ್ಯವ್ಯವಸ್ಥೆ. ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, ನಿಮ್ಮಲ್ಲಿ ಅಷ್ಟಿದೆ. ಅದನ್ನು ಅನುಸ್ಥಾಪಿಸಲು ಮಾತ್ರ ಒಂದು ಸಣ್ಣ ಎಸ್‌ಎಸ್‌ಡಿ ಪ್ರತ್ಯೇಕವಾಗಿರಬೇಕು. ಅದರೊಳಗಿನ ಜೆಡ್‌ಎಫ್‌ಎಸ್ ಕಡತ ವ್ಯವಸ್ಥೆಯು ದತ್ತಾಂಶದ ಪ್ರತಿಯೊಂದು ತುಣುಕಿಗೂ ಒಂದು ಚೆಕ್‌ಸಮ್ (ದತ್ತಾಂಶದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು, ಓದುವಾಗ ತಾಳೆ ನೋಡುತ್ತದೆ. ಒಂದು ಡಿಸ್ಕ್‌ನಲ್ಲಿ ತುಣುಕು ಕೆಟ್ಟಿದ್ದರೆ ಇನ್ನೊಂದರಿಂದ ತಂದು ಸರಿಪಡಿಸುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲವನ್ನೂ ಓದಿ ತಾಳೆ ನೋಡುವ ಕೆಲಸ) ನಡೆಯುವಂತೆ ಹೊಂದಿಸಿದರೆ ಯಾರೂ ತೆರೆಯದ ಕಡತಗಳೂ ಪರೀಕ್ಷೆಗೆ ಒಳಗಾಗುತ್ತವೆ. ಪ್ರತಿದಿನ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಕಡತಗಳ ಸ್ಥಿತಿಯ ದಾಖಲೆ) ತೆಗೆಯುವಂತೆಯೂ ಹೊಂದಿಸಿಕೊಳ್ಳಿ. ಲ್ಯಾಪ್‌ಟಾಪ್‌ನಿಂದ ಅದನ್ನು ತಿದ್ದಲಾಗದ ಕಾರಣ, ಅಳಿಸಿಹೋದದ್ದನ್ನು ಹಿಂದಿನ ದಿನದ ಸ್ಥಿತಿಯಿಂದ ಮರಳಿ ಪಡೆಯಬಹುದು. ಮದರ್‌ಬೋರ್ಡ್‌ನ ರೇಡ್ ಸೌಲಭ್ಯವನ್ನು ಮಾತ್ರ ಬಳಸಬೇಡಿ. ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ (ದತ್ತಾಂಶದ ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಬಗೆ) ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಕೆಟ್ಟ ಡಿಸ್ಕ್‌ನ ಜಾಗಕ್ಕೆ ಹೊಸದನ್ನು ಹಾಕಿ ಮರುಜೋಡಿಸುವಾಗ, ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಬಹಳ ನಿಧಾನವಾಗುತ್ತವೆ.

ಮೊದಲ ಸಲ ತುಂಬಿಸುವಾಗ ವೈಫೈ ಬಿಟ್ಟು ಕೇಬಲ್ ಬಳಸಿ. ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿಯಂತೆ 1.5 ಟಿಬಿ ಸಾಗಲು ಸುಮಾರು 4 ಗಂಟೆ ಸಾಕು. ರೌಟರ್‌ನ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ ಅದಕ್ಕೇ ಒಂದೂವರೆ ದಿನ ಹಿಡಿಯುತ್ತದೆ.

ಎರಡನೆಯ ಉತ್ತರ

ಮೇಲಿನ ಸಲಹೆಗಳನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕರೆಂಟಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮನೆಯ ಇನ್ವರ್ಟರ್ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಮರುಪ್ರಾರಂಭವಾಗಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಯುಎಸ್‌ಬಿ ಮೂಲಕ ಮಾಹಿತಿ ಕೊಡುವ ಸಣ್ಣ ಯುಪಿಎಸ್ ಒಂದನ್ನು ಇಟ್ಟುಕೊಂಡು, ಬ್ಯಾಟರಿ ಇಳಿಯುವ ಮೊದಲೇ ಸರ್ವರ್ ತಾನಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿ. ಟ್ರೂನ್ಯಾಸ್‌ನಲ್ಲಿ ಈ ಅನುಕೂಲ ಇದೆ. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ತೆಗೆದರೆ ಸಾಲದು, ನೆಟ್‌ವರ್ಕ್ ಕೇಬಲನ್ನೂ ಬಿಚ್ಚಿಡಬೇಕು. ನಮ್ಮ ಮನೆಯಲ್ಲಿ ಒಮ್ಮೆ ಸಿಡಿಲು ಬಂದದ್ದು ಆ ಕೇಬಲ್‌ನ ದಾರಿಯಿಂದಲೇ.

ಪುಣೆಯ ಅಕ್ಕನವರಿಗಾಗಿ ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಬರುವ ಸಂಪರ್ಕಕ್ಕೆ ದಾರಿ) ತೆರೆಯಬೇಡಿ. ಫೈಲ್ ಹಂಚಿಕೆಯ 445ನೇ ಪೋರ್ಟ್ ಅಂತರ್ಜಾಲಕ್ಕೆ ತೆರೆದಿದ್ದ, ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನದ ದೋಷವನ್ನು ತಿದ್ದಿಕೊಳ್ಳದ ಕಂಪ್ಯೂಟರ್‌ಗಳ ಮೂಲಕವೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಹರಡಿತು. ವೈರ್‌ಗಾರ್ಡ್ ಎಂಬ ವಿಪಿಎನ್ ಆಧಾರಿತವಾದ, ದೂರದ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ತಂತ್ರಾಂಶ ಬಳಸಿದರೆ ಪೋರ್ಟ್ ತೆರೆಯುವ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇಲ್ಲದಿದ್ದರೂ ಅದು ನಡೆಯುತ್ತದೆ. ಅಕ್ಕನವರಿಗೆ ಓದಲು ಮಾತ್ರ ಅನುಮತಿಯಿರುವ ಪ್ರತ್ಯೇಕ ಖಾತೆ ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಂದೇ ಪ್ರತಿ ಮಾಡಿ ಡಿಸ್ಕನ್ನು ಶಿರಸಿಯ ಚಿಕ್ಕಪ್ಪನ ಮನೆಯಲ್ಲಿಟ್ಟಿದ್ದೇನೆ. ಸರ್ವರ್ ಕೂಡ ಸಿದ್ಧವಾಯಿತು. ಆದರೆ 23 ಧ್ವನಿಮುದ್ರಣಗಳು ಮಾತ್ರ, ಹೆಸರು ಬಹಳ ಉದ್ದವಾಗಿದೆ ಎಂಬ ದೋಷದೊಂದಿಗೆ ಸರ್ವರ್‌ಗೆ ಹೋಗದೆ ಉಳಿದಿವೆ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ದಿನಾಂಕ ಎಲ್ಲವನ್ನೂ ನಾನು ಕಡತದ ಹೆಸರಿನಲ್ಲೇ ಕನ್ನಡದಲ್ಲಿ ಬರೆದಿದ್ದೆ. ವಿಂಡೋಸ್‌ನಲ್ಲಿ ಇದೇ ಹೆಸರುಗಳು ತೊಂದರೆ ಕೊಟ್ಟಿರಲಿಲ್ಲ.

ಮೂರನೆಯ ಉತ್ತರ

ಇದು ಕನ್ನಡದಲ್ಲಿ ಹೆಸರಿಡುವವರು ಮೊದಲೇ ತಿಳಿದಿರಬೇಕಾದ ಸಂಗತಿ. ವಿಂಡೋಸ್ ಒಂದು ಹೆಸರಿಗೆ 255 ಸಂಕೇತಗಳವರೆಗೆ (ಅಕ್ಷರದ ಒಂದೊಂದು ಬಿಡಿಭಾಗ ಒಂದು ಸಂಕೇತ) ಅವಕಾಶ ಕೊಡುತ್ತದೆ. ಲಿನಕ್ಸ್ ಆಧಾರಿತ ಸರ್ವರ್‌ಗಳಲ್ಲಿ ಮಿತಿ ಸಾಮಾನ್ಯವಾಗಿ 255 ಬೈಟ್. ಬರಹವನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಮತ್ತು ಕಾಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಹಲಂತ ಚಿಹ್ನೆ ಎಲ್ಲವೂ ಒಂದೊಂದು ಸಂಕೇತವೇ. ‘ಸುಧನ್ವಾರ್ಜುನ’ ಎಂಬುದು ಕಣ್ಣಿಗೆ ಐದು ಅಕ್ಷರ. ಸಂಕೇತಗಳು 12, ಬೈಟ್‌ಗಳು 36. ಹೀಗಾಗಿ 85 ಸಂಕೇತಗಳಿಗೇ ಮಿತಿ ಮುಗಿಯುತ್ತದೆ.

ಈ ಮಿತಿ ಫೋಲ್ಡರ್‌ಗಳೂ ಸೇರಿದ ಇಡೀ ದಾರಿಗಲ್ಲ, ಪ್ರತಿಯೊಂದು ಹೆಸರಿಗೆ. ಆದ್ದರಿಂದ ಪ್ರಸಂಗದ ಹೆಸರಿನ ಫೋಲ್ಡರ್ ಮಾಡಿ, ಒಳಗಿನ ಕಡತಕ್ಕೆ ದಿನಾಂಕ ಮತ್ತು ಕ್ಯಾಸೆಟ್ ಸಂಖ್ಯೆಯನ್ನಷ್ಟೇ ಇಡಿ. ಜೊತೆಗೆ ವೇವ್ ಕಡತಗಳನ್ನು ಫ್ಲ್ಯಾಕ್ ಎಂಬ ಧ್ವನಿ ಕಡತದ ರೂಪಕ್ಕೆ ಬದಲಿಸುವುದನ್ನು ಯೋಚಿಸಿ. ಧ್ವನಿಯ ಒಂದಂಶವೂ ನಷ್ಟವಾಗದೆ ಗಾತ್ರ ಸಾಕಷ್ಟು ಇಳಿಯುತ್ತದೆ. ಭಾಗವತರು, ಅರ್ಥಧಾರಿಗಳು, ಊರು ಎಲ್ಲವನ್ನೂ ಟ್ಯಾಗ್‌ಗಳಲ್ಲಿ (ಕಡತದೊಳಗೇ ಇರುವ ವಿವರದ ಜಾಗ) ಕನ್ನಡದಲ್ಲೇ ಎಷ್ಟು ಉದ್ದವಾಗಿ ಬೇಕಾದರೂ ಬರೆಯಬಹುದು. ಮೂಲ ಧ್ವನಿಯ ಎಂಡಿ5 ಎಂಬ ಚೆಕ್‌ಸಮ್ ಫ್ಲ್ಯಾಕ್ ಕಡತದೊಳಗೇ ಇರುವುದರಿಂದ, ಚಿಕ್ಕಪ್ಪನವರ ಮನೆಯ ಡಿಸ್ಕ್ ತಂದಾಗಲೆಲ್ಲ ಅದರಲ್ಲಿರುವ ಪ್ರತಿಗಳು ಕೆಟ್ಟಿಲ್ಲವೆಂದು ಫ್ಲ್ಯಾಕ್‌ನ ಪರೀಕ್ಷಾ ಆಜ್ಞೆಯಿಂದಲೇ ನೋಡಿಕೊಳ್ಳಬಹುದು. ಹೆಸರು ಬದಲಿಸುವ ಮುನ್ನ ಹಳೆಯ ಹೆಸರುಗಳ ಪಟ್ಟಿಯೊಂದನ್ನು ಪಠ್ಯ ಕಡತವಾಗಿ ಉಳಿಸಿಟ್ಟುಕೊಳ್ಳಿ. ತಂದೆಯವರು ಕ್ಯಾಸೆಟ್ ಮೇಲೆ ಬರೆದಿದ್ದ ವಿವರಗಳು ಈಗ ಇರುವುದು ಆ ಹೆಸರುಗಳಲ್ಲಿ ಮಾತ್ರವೇ ಇರಬಹುದು.