ಸಂಜೆ ರಶ್ಶಿನಲ್ಲಿ 500ರ ಖೋಟಾ ನೋಟು ಹಿಡಿಯೋದು ಹೇಗೆ?

ದಿನಸಿ_ಗಲ್ಲಾ:
ಸಂಜೆ ಹೊತ್ತಲ್ಲಿ ಒಂದು ನೋಟಿಗೆ ಐದು ಸೆಕೆಂಡಿಗಿಂತ ಹೆಚ್ಚು ಕೊಡೋಕಾಗಲ್ಲ. ಯುವಿ ದೀಪ ಒಂದೇ ಸಾಕಾ? ಹಸಿರು ಪಟ್ಟಿ ಗಾಂಧೀಜಿ ಚಿತ್ರದ ಹತ್ತಿರ ಇದ್ದರೆ ನಕಲಿ ಅಂತ ವಾಟ್ಸಾಪಲ್ಲಿ ಓಡಾಡ್ತಿದೆ, ನಿಜವಾ? ನಂಬರಿನ ನಡುವೆ ನಕ್ಷತ್ರ ಇದ್ದರೆ? ಖೋಟಾ ನೋಟು ಬ್ಯಾಂಕಿಗೆ ಒಯ್ದರೆ ಕೇಸ್ ಆಗತ್ತಾ?

ನೋಟು_ಎಣಿಕೆ:
ದೀಪಕ್ಕಿಂತ ಮೊದಲು ಬೆರಳು. ಎಡ-ಬಲ ಅಂಚಿನ ಐದೈದು ಓರೆ ಗೆರೆ, ಅಶೋಕ ಸ್ತಂಭ, ಗಾಂಧೀಜಿ ಚಿತ್ರ ಉಬ್ಬಿರುತ್ತವೆ. ಉಗುರು ಎಳೆದರೆ ತರಿ ಸಿಗುತ್ತೆ. ಎಣಿಸುವಾಗಲೇ ಹೆಬ್ಬೆರಳು ಅಂಚಿನ ಮೇಲೆ ಹಾದುಹೋಗೋ ಹಾಗೆ ಹಿಡೀರಿ.

ಆಮೇಲೆ ಓರೆ ಮಾಡಿ: ಕೆಳಗೆ ಬಲಕ್ಕಿರೋ ₹500 ಮತ್ತು ಭದ್ರತಾ ದಾರ, ಎರಡೂ ಹಸಿರಿನಿಂದ ನೀಲಿಗೆ ತಿರುಗಬೇಕು. ನಕಲಿಯಲ್ಲಿ ಬರೀ ಹೊಳಪು ಇರುತ್ತೆ, ಬಣ್ಣ ಬದಲಾಗಲ್ಲ. ಅಂಟಿಸಿದ ದಾರವಾದರೆ ಅಂಚು ಉಗುರಿಗೆ ಸಿಕ್ಕಿ ಏಳುತ್ತೆ. ಅಸಲಿ ದಾರ ಕಾಗದದೊಳಗೆ ಹೊಕ್ಕು ಹೊರಟಿರುತ್ತೆ, ಬೆಳಕಿಗೆ ಹಿಡಿದರೆ ತುಂಡಾಗದ ಒಂದೇ ಗೆರೆ.

ಅನುಮಾನ ಉಳಿದರೆ ಮಾತ್ರ ನೀರುಗುರುತು ನೋಡಿ. ಅಸಲಿಯಲ್ಲಿ ಗಾಂಧೀಜಿ ಮುಖದ ನೆರಳು ಮೆಲ್ಲಗೆ ಕರಗುತ್ತೆ, ಪಕ್ಕದಲ್ಲಿ 500 ತೆಳುವಾಗಿ ಬೆಳಗುತ್ತೆ. ಬೆಳಕಿಗೆ ಹಿಡಿಯದೆಯೇ ಮುಖ ಎದ್ದು ಕಂಡರೆ ಅದು ಶಾಯಿ.

ಕ್ಯಾಶ್_ಕೌಂಟರ್:
ಯುವಿ ದೀಪ ಇಟ್ಕೊಳ್ಳಿ, ಆದರೆ ಅದರ ತೀರ್ಪೇ ಕೊನೆಯಲ್ಲ. ನೋಟಿನ ಹತ್ತಿ ಕಾಗದ ಮಂಕಾಗಿರಬೇಕು, ನಂಬರು ಮತ್ತು ಸಣ್ಣ ಎಳೆಗಳು ಹೊಳೀಬೇಕು. ಮಾಮೂಲಿ ಬಿಳಿ ಹಾಳೆ ಪೂರ್ತಿ ನೀಲಿಯಾಗಿ ಹೊಳೆಯುತ್ತೆ. ತೊಂದರೆ ಎಲ್ಲಿ ಅಂದ್ರೆ, ಜೇಬಲ್ಲಿದ್ದು ಬಟ್ಟೆ ಜೊತೆ ಒಗೆದ ಅಸಲಿ ನೋಟೂ ಹಾಗೇ ಹೊಳೆಯಬಹುದು, ಸೋಪಿನ ಪುಡಿಯ ಬಿಳುಪುಕಾರಕದಿಂದ. ನೋಟಿನ ಮೇಲೆ ಗೀಚಿ ನೋಡೋ ಅಯೋಡಿನ್ ಪೆನ್ ಕೂಡ ಗಂಜಿ ತಗುಲಿದ ಅಸಲಿ ನೋಟಿನ ಮೇಲೆ ಕಪ್ಪು ಗೀರು ಬಿಡುತ್ತೆ. ಹಾಗಾಗಿ ಉಬ್ಬು ಮತ್ತು ಬಣ್ಣ ಎರಡೂ ಸರಿಯಿದ್ದರೆ ಗಿರಾಕಿಯನ್ನು ಸುಮ್ಮನೆ ಅನುಮಾನಿಸಬೇಡಿ.

ಹಸಿರು ಪಟ್ಟಿ, ಅಂದ್ರೆ ಭದ್ರತಾ ದಾರದ ಮಾತು ಸುಳ್ಳು; ಅದು ಗಾಂಧೀಜಿ ಚಿತ್ರದ ಹತ್ತಿರ ಇರೋ ನೋಟು, ದೂರ ಇರೋ ನೋಟು ಎರಡೂ ಅಸಲಿ. ನಕ್ಷತ್ರದ್ದೂ ಅಸಲಿಯೇ; ಮುದ್ರಣ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸಿದ್ದು.

ಶಾಖೆ_ಅನುಭವಿ:
ಬ್ಯಾಂಕಿನವರು ಖೋಟಾ ನೋಟಿಗೆ ಮುದ್ರೆ ಹಾಕಿ ಇಟ್ಕೋತಾರೆ. ಅದು ವಾಪಸ್ ಸಿಗಲ್ಲ, ಖಾತೆಗೂ ಜಮಾ ಆಗಲ್ಲ. ಸ್ವೀಕೃತಿ ರಸೀದಿ ಮಾತ್ರ ಕೇಳಿ ಪಡೀಲೇಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ ಹೋಗುತ್ತೆ. ಐದು ಅಥವಾ ಹೆಚ್ಚಾದರೆ ಎಫ್‌ಐಆರ್. ಎಲ್ಲಿಂದ ಬಂತು ಅಂತ ಹೇಳೋಕೆ ಬಿಲ್, ಹೆಸರು, ದಿನ ಬರೆದಿಟ್ಕೊಳ್ಳಿ.

ನಷ್ಟ ಆಯ್ತಲ್ಲ ಅಂತ ಇನ್ನೊಬ್ಬರಿಗೆ ಮಾತ್ರ ದಾಟಿಸಬೇಡಿ. ಗೊತ್ತಿದ್ದೂ ಚಲಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಜೈಲು, ಜೀವಾವಧಿಯೂ ಆಗಬಹುದು.

ದಿನಸಿ_ಗಲ್ಲಾ:
ಗಿರಾಕಿ ಎದುರಿಗೇ ನಿಂತಿದ್ದರೆ?

ಶಾಖೆ_ಅನುಭವಿ:
ಗಲ್ಲಾಕ್ಕೆ ಹಾಕೋ ಮೊದಲು, ಅವರ ಕಣ್ಣೆದುರೇ ನೋಡಿ. "ಬೇರೆ ನೋಟು ಕೊಡಿ" ಅಂದರೆ ಸಾಕು. ಅವರಿಗೂ ಅದು ಬೇರೆಯವರಿಂದಲೇ ಬಂದಿರಬಹುದು. ಒಬ್ಬರೇ ಮತ್ತೆ ಮತ್ತೆ ಅಂಥದ್ದೇ ತಂದರೆ 112ಕ್ಕೆ ಫೋನ್ ಮಾಡಿ.